ಪಕ್ಕದ ಹಲ್ಲಿನ ಹೆಗಲ ಮೇಲೆ

ನಮ್ಮ ಶಹಾಪುರ, ಸುರಪುರದ ಕಡೆ ಹಳಬರು ‘ಬ್ರಿಡ್ಜ್ ಹಾಕಿಸ್ಕೊಂಡೆ’ ಅನ್ನೋದಿಲ್ಲ, ‘ಹಲ್ಲು ಕಟ್ಟಿಸ್ಕೊಂಡೆ’ ಅಂತಾರೆ. ಈ ಮಾತು ಇತಿಹಾಸಕ್ಕೆ ತೀರಾ ಹತ್ತಿರ. ಬಿದ್ದ ಹಲ್ಲಿನ ಜಾಗ ತುಂಬಲು ಮನುಷ್ಯ ಮೊದಲು ಮಾಡಿದ್ದೇ ಕಟ್ಟುವ ಕೆಲಸ.

ಇಟಲಿಯ ಎಟ್ರಸ್ಕನ್ ಗೋರಿಗಳಲ್ಲಿ ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಚಿನ್ನದ ಪಟ್ಟಿಗಳು ಸಿಕ್ಕಿವೆ. ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಪಟ್ಟಿ ಸುತ್ತಿ, ನಡುವೆ ಬದಲಿ ಹಲ್ಲು ಕೂರಿಸುತ್ತಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಬರೆದ ದಂತವೈದ್ಯ ಗ್ರಂಥದಲ್ಲೂ ಕೃತಕ ಹಲ್ಲನ್ನು ಪಕ್ಕದ ಹಲ್ಲಿಗೆ ದಾರದಿಂದ ಬಿಗಿಯುವ ಕ್ರಮವಿದೆ. 1962ರಲ್ಲಿ ಲೋಹದ ಮೇಲೆ ಪಿಂಗಾಣಿ ಕೂರಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಬ್ರಿಡ್ಜ್ ಬಂದದ್ದು ಆ ದಾರಿಯಲ್ಲಿ: ಅಕ್ಕಪಕ್ಕದ ಎರಡು ಹಲ್ಲು ಅರೆದು ಕ್ಯಾಪ್ ಹಾಕಿ, ನಡುವಿನ ಹುಸಿ ಹಲ್ಲನ್ನು ಅವಕ್ಕೆ ಬೆಸೆಯುತ್ತಾರೆ. ಚಿನ್ನ ಹೋಯ್ತು, ದಾರ ಹೋಯ್ತು. ಭಾರ ಹೊರುವವರು ಮಾತ್ರ ಅವರೇ, ಅಕ್ಕಪಕ್ಕದವರು.

ಈ ವಿದ್ಯೆ ನಮ್ಮಲ್ಲಿಗೆ ಬಂದದ್ದು ತಡವಾಗಿ. ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜು ತೆರೆದರು. 1948ರ ಮಾರ್ಚ್‌ನಲ್ಲಿ ದಂತವೈದ್ಯರ ಕಾಯ್ದೆ ಬಂದಾಗ ಯಾದಗಿರಿ ಇನ್ನೂ ನಿಜಾಮನ ಕೈಯಲ್ಲಿತ್ತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ. ಡಾಕ್ಟರು ದೂರ ಇದ್ದಲ್ಲೆಲ್ಲ ಜನರ ಪಾಲಿಗೆ ಉಳಿದವನು ಸಂತೆಯಲ್ಲಿ ಹಲ್ಲು ಕಟ್ಟುವವನು.

ನಮ್ಮವ್ವ ಹೋದದ್ದೂ ಅಂಥವನ ಹತ್ತಿರವೇ. ‘ಎರಡು ತಾಸಿನಾಗ ಹಲ್ಲು ಬಂತು ನೋಡಪ್ಪ’ ಅಂತ ಖುಷಿಪಟ್ಟಿದ್ದಳು. ಒಸಡಿನ ಮೇಲೆ ಅಕ್ರಿಲಿಕ್ ಮೆತ್ತಿ, ಪಕ್ಕದ ಹಲ್ಲಿಗೆ ತಂತಿ ಬಿಗಿದಿದ್ದ. ಅದನ್ನು ತೆಗೆಯುವಂತಿಲ್ಲ, ಅಡಿಯಲ್ಲಿ ತೊಳೆಯುವಂತಿಲ್ಲ. ಎರಡು ವರ್ಷಕ್ಕೆ ಒಸಡು ಬಾತು, ಚೆನ್ನಾಗಿದ್ದ ಎರಡು ಹಲ್ಲೂ ಅಲ್ಲಾಡತೊಡಗಿದವು. ಕಲಬುರಗಿಯ ದಂತವೈದ್ಯರು ಕೈಯಾಡಿಸಿ ನೋಡಿ ಹೇಳಿದರು: ‘ಈಗ ಬ್ರಿಡ್ಜ್ ಹಾಕೋಕೆ ಕಂಬವೇ ಇಲ್ವಲ್ಲ.’ ಒಂದು ಹಲ್ಲಿನ ಲೆಕ್ಕ ಮೂರಕ್ಕೆ ಬಂದಿತ್ತು.

ನೆರೆಯವರನ್ನು ಮುಟ್ಟದ ದಾರಿ ಸಿಕ್ಕಿದ್ದು 1965ರಲ್ಲಿ. ಸ್ವೀಡನ್ನಿನ ಬ್ರಾನೆಮಾರ್ಕ್ ಆ ವರ್ಷ ರೋಗಿಯೊಬ್ಬರ ದವಡೆ ಮೂಳೆಗೆ ಟೈಟೇನಿಯಂ ಬೇರು ಕೂರಿಸಿದರು. ಅದೇ ಇಂದಿನ ಇಂಪ್ಲಾಂಟ್. ಆದರೆ ಅದಕ್ಕೆ ಮೂಳೆ ಸಾಕಷ್ಟಿರಬೇಕು, ತಿಂಗಳುಗಟ್ಟಲೆ ಕಾಯಬೇಕು, ಖರ್ಚೂ ಜಾಸ್ತಿ. ಹಾಗಾಗಿ ಬ್ರಿಡ್ಜ್ ಹಳೇದಾಯ್ತು ಅಂತಲ್ಲ. ಪಕ್ಕದ ಹಲ್ಲುಗಳು ಹೇಗೂ ಕ್ಯಾಪ್ ಕೇಳುವ ಸ್ಥಿತಿಯಲ್ಲಿದ್ದರೆ ಅದೇ ಸರಿ. ಅವು ಕಲೆಯಿಲ್ಲದೆ ಗಟ್ಟಿಯಾಗಿದ್ದರೆ, ಅರೆಯುವ ಮುಂಚೆ ಎರಡು ಸಲ ಯೋಚಿಸಬೇಕು. ಅರೆದ ಎನಾಮಲ್ ಮತ್ತೆ ಬೆಳೆಯೋದಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಸವೆದ ನಮ್ಮ ಜಿಲ್ಲೆಯವರಿಗಂತೂ ಈ ಪರೀಕ್ಷೆ ಇನ್ನೂ ಮುಖ್ಯ.

ಊರಲ್ಲಿರುವ ಅಪ್ಪ ಅವ್ವನ ಹಲ್ಲಿಗೆ ಇಲ್ಲಿಂದಲೇ ಫೋನ್‌ಪೇ ಮಾಡುವ ನಾವು ಮೊದಲು ‘ಎಷ್ಟಾಗುತ್ತೆ?’ ಅಂತ ಕೇಳ್ತೀವಿ. ಅದಕ್ಕೂ ಮುಂಚೆ ಕೇಳಬೇಕಾದದ್ದು ಎರಡು: ಭಾರ ಹೊರುವ ಹಲ್ಲುಗಳ ಎಕ್ಸ್‌ರೇ ನೋಡಿದ್ರಾ? ಬ್ರಿಡ್ಜ್‌ನ ಅಡಿ ದಿನಾ ಹೇಗೆ ತೊಳೀಬೇಕು?