ಕೋವಿಯಿಂದ ಫೋನಿನವರೆಗೆ: ಹಕ್ಕಿಗೂ ನಮಗೂ ನಡುವಿನ ದೂರ

ಹಿಂದೆ ಹಕ್ಕಿಯನ್ನು ಸರಿಯಾಗಿ ನೋಡಬೇಕೆಂದರೆ ಅದನ್ನು ಹೊಡೆದು ಕೆಡವಬೇಕಿತ್ತು. ಇದು ಬೇಟೆಗಾರರ ಮಾತಲ್ಲ, ಹಕ್ಕಿಶಾಸ್ತ್ರದವರ ಮಾತು. ಕೈಯಲ್ಲಿ ಹಿಡಿದು, ರೆಕ್ಕೆ ಅಳೆದು, ಕೊಕ್ಕು ನೋಡಿ, ಚರ್ಮ ಸುಲಿದು ಒಣಗಿಸಿ ಇಟ್ಟರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತಿತ್ತು.

ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿ ಎ.ಒ. ಹ್ಯೂಮ್ ಇದಕ್ಕೆ ಒಳ್ಳೆಯ ಉದಾಹರಣೆ. 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರೆಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಅದೇ ವರ್ಷ ಅವರ ಸಂಗ್ರಹದ 80 ಸಾವಿರಕ್ಕೂ ಹೆಚ್ಚು ಹಕ್ಕಿ ಚರ್ಮ, ಮೊಟ್ಟೆ, ಗೂಡುಗಳು ಲಂಡನ್ನಿನ ಮ್ಯೂಸಿಯಮ್ಮಿಗೆ ಹೋದವು. ನಮ್ಮ ಹಳೆ ಮೈಸೂರು ಸೀಮೆಯ ಹಕ್ಕಿಗಳನ್ನು 1939-40ರಲ್ಲಿ ಸರ್ವೆ ಮಾಡಿದ ಸಲೀಂ ಅಲಿಯವರ ಕಾಲದಲ್ಲೂ ಇದೇ ಪದ್ಧತಿ ಇತ್ತು. ಆಗ ಕ್ಯಾಮೆರಾ ಇರಲಿಲ್ಲ ಎಂದಲ್ಲ. ಇದ್ದ ಕ್ಯಾಮೆರಾಕ್ಕೆ ದೂರದ ಹಕ್ಕಿ ಸಿಗುತ್ತಿರಲಿಲ್ಲ.

ಹಾಗಾದರೆ ಮೊದಲ ಫೋಟೊಗಳು ಹೇಗೆ ಬಂದವು? ಗೂಡಿನಿಂದ. ಹಕ್ಕಿ ಎಲ್ಲಿಗೇ ಹಾರಿದರೂ ಮೊಟ್ಟೆ ಇರುವಲ್ಲಿಗೆ ಬರಲೇಬೇಕಲ್ಲ! ಇಂಗ್ಲೆಂಡಿನ ಯಾರ್ಕ್‌ಷೈರಿನ ಹಳ್ಳಿಯಲ್ಲಿ ಹುಟ್ಟಿದ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಮೊಟ್ಟೆ ಇದ್ದ ಗೂಡೊಂದರ ಫೋಟೊ ತೆಗೆದರು. 1895ರಲ್ಲಿ ಗೂಡುಗಳ ಫೋಟೊಗಳದ್ದೇ ಒಂದು ಪುಸ್ತಕ ತಂದರು. ಹಕ್ಕಿಗೆ ಗುಮಾನಿ ಬರದಿರಲೆಂದು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಬೊಂಬೆ ಮಾಡಿ, ಅದರ ಹೊಟ್ಟೆಯೊಳಗೆ ಕೂತು ಕ್ಲಿಕ್ಕಿಸಿದರು.

ಕೋವಿ ಹೋಗಿ ಕ್ಯಾಮೆರಾ ಬಂದದ್ದು ದೊಡ್ಡ ಬದಲಾವಣೆಯೇ. ಆದರೆ ಗೂಡಿನ ಫೋಟೊಕ್ಕೂ ಒಂದು ಬೆಲೆ ಇದೆ. ಅಡ್ಡ ಬಂದ ರೆಂಬೆ ಸರಿಸಿದರೆ ಮರಿಗಳ ಮೇಲೆ ನೇರ ಬಿಸಿಲು ಬೀಳುತ್ತದೆ. ತಾಯಿ ಹೆದರಿ ಎದ್ದರೆ ಕಾಗೆಗೆ ದಾರಿ ಸಿಗುತ್ತದೆ.

ಆಮೇಲೆ ಉದ್ದನೆಯ ಟೆಲಿ ಲೆನ್ಸ್‌ಗಳು ಬಂದವು. ದೂರ ನಿಂತು ತೆಗೆಯುವುದು ಸಾಧ್ಯವಾಯಿತು. ಆದರೆ ಐದಾರು ಕೆಜಿ ತೂಗುವ ಆ ದೊಡ್ಡ ಲೆನ್ಸ್‌ಗಳು ಲಕ್ಷಗಳ ಮಾತು, ನಮ್ಮಂಥವರ ಕೈಗೆ ಸಿಗುವಂಥವಲ್ಲ.

ಇನ್ನೊಂದು ಕಡೆ ಹಕ್ಕಿ ನೋಡುವವರ ಹತ್ತಿರ ಸ್ಪಾಟಿಂಗ್ ಸ್ಕೋಪ್ ಇತ್ತು. ಟ್ರೈಪಾಡ್ ಮೇಲೆ ಕೂರಿಸುವ ಒಂಟಿ ಕಣ್ಣಿನ ದುರ್ಬೀನು ಅದು. ಕೊರಳಿಗೆ ಹಾಕಿಕೊಳ್ಳುವ ಬೈನಾಕ್ಯುಲರ್ 8 ಅಥವಾ 10 ಪಟ್ಟು ಹತ್ತಿರ ತೋರಿಸಿದರೆ, ಸ್ಕೋಪು 20ರಿಂದ 60 ಪಟ್ಟು ತೋರಿಸುತ್ತದೆ. ರೀಲಿನ ಕ್ಯಾಮೆರಾವನ್ನು ಇದಕ್ಕೆ ಜೋಡಿಸಿ ನೋಡಿದವರಿದ್ದರು. ಆದರೆ ಬೆಳಕು ಸಾಲದು, ಸ್ವಲ್ಪ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಒಂದು ರೀಲಿಗೆ 36 ಫೋಟೊ, ಕೆಟ್ಟಿದೆಯೋ ಚೆನ್ನಾಗಿದೆಯೋ ಗೊತ್ತಾಗುವುದು ಸ್ಟುಡಿಯೋದಲ್ಲಿ ತೊಳೆಸಿದ ಮೇಲೆ.

1999ರಲ್ಲಿ ಇದು ಬದಲಾಯಿತು. ಮಲೇಷ್ಯಾದ ಹಕ್ಕಿವೀಕ್ಷಕ ಲಾರೆನ್ಸ್ ಪೋ ತಮ್ಮ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಸ್ಕೋಪಿನ ಕಣ್ಣಿಡುವ ಗಾಜಿಗೆ ಹಿಡಿದು ಫೋಟೊ ತೆಗೆದರು, ತೆಗೆದದ್ದನ್ನು ಲೋಕಕ್ಕೆಲ್ಲ ತೋರಿಸಿದರು. ಅವರು ಬಳಸಿದ್ದು ನಿಕಾನ್ ಕೂಲ್‌ಪಿಕ್ಸ್ 950. ಬರೀ 2 ಮೆಗಾಪಿಕ್ಸೆಲ್! ಆದರೂ ಅದೇ ಏಕೆ ಹೊಂದಿತು? ಅದರ ಲೆನ್ಸ್ ಚಿಕ್ಕದು, ಜೂಮ್ ಮಾಡಿದರೆ ಮುಂದಕ್ಕೆ ಚಾಚುತ್ತಿರಲಿಲ್ಲ. ಹಾಗಾಗಿ ಸ್ಕೋಪಿನಿಂದ ಬರುವ ಸಣ್ಣ ಬೆಳಕಿನ ಕಂಬ ಪೂರ್ತಿ ಒಳಗೆ ಹೋಗುತ್ತಿತ್ತು, ಚಿತ್ರದ ಅಂಚು ಕಪ್ಪಾಗುವುದು ಕಡಿಮೆ. ಫಲಿತಾಂಶ ಪರದೆಯ ಮೇಲೆ ಆಗಲೇ ಕಾಣುತ್ತಿತ್ತು. ಕೆಟ್ಟರೆ ಅಳಿಸು, ಮತ್ತೆ ತೆಗೆ, ಖರ್ಚಿಲ್ಲ. ಫ್ರಾನ್ಸಿನ ಅಲೆನ್ ಫೊಸೆ ಈ ಪದ್ಧತಿಗೆ 'ಡಿಜಿಸ್ಕೋಪಿಂಗ್' ಎಂದು ಹೆಸರಿಟ್ಟರು.

ಲೆಕ್ಕ ಸುಲಭ. 50 ಮಿ.ಮೀ. ಲೆನ್ಸಿನ ಮುಂದೆ 20 ಪಟ್ಟಿನ ಸ್ಕೋಪ್ ಸೇರಿದರೆ 1000 ಮಿ.ಮೀ. ಲೆನ್ಸಿನಷ್ಟು ಹತ್ತಿರ ಕಾಣುತ್ತದೆ. ಈಗ ನಿಮ್ಮ ಕೈಲಿರುವ ಫೋನಿನ ಲೆನ್ಸೂ ಚಿಕ್ಕದೇ. ಅದಕ್ಕೇ ಇವತ್ತು ಈ ಕೆಲಸಕ್ಕೆ ಬೇರೆ ಕ್ಯಾಮೆರಾ ಬೇಕಿಲ್ಲ. ಫೋನು ಹಿಡಿದುಕೊಳ್ಳಲು ಒಂದು ಕ್ಲಿಪ್ ಸಾಕು. ಸ್ಕೋಪು ಒಬ್ಬರಿಗೆ ದುಬಾರಿ ಎನಿಸಿದರೆ ಶಾಲೆ, ಯುವಕ ಸಂಘದವರು ಸೇರಿ ಊರಿಗೊಂದು ಕೊಳ್ಳಬಹುದು. ಕಡಿಮೆ ಪಟ್ಟಿನಲ್ಲೇ ಶುರು ಮಾಡಿ. ಹಿಗ್ಗಿಸಿದಷ್ಟೂ ಬೆಳಕು ಕಡಿಮೆ, ಅಲುಗಾಟ ಜಾಸ್ತಿ. ಬಟನ್ ಒತ್ತುವಾಗಲೂ ಅಲುಗುತ್ತದೆ, ಟೈಮರ್ ಇಡಿ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋದೀತು.

ಇಷ್ಟೆಲ್ಲ ಈಗ ಹೇಳಲು ಕಾರಣವಿದೆ. ನೂರು ವರ್ಷದಲ್ಲಿ ಕೋವಿಯಿಂದ ಗೂಡಿಗೆ, ಗೂಡಿನಿಂದ ಲೆನ್ಸಿಗೆ, ಲೆನ್ಸಿನಿಂದ ಸ್ಕೋಪಿಗೆ ಬಂದು ಮನುಷ್ಯ ಹಕ್ಕಿಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಬರೀ ಫೋನಿನಿಂದ ರೀಲ್ಸ್ ಮಾಡಲು ಹೊರಟವರು ಮತ್ತೆ ಗೂಡಿನ ಬಾಯಿಗೇ ಕೈ ಹಾಕುತ್ತಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥ ಕೊಲ್ಲುವುದಷ್ಟೇ ಅಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಗೀಜಗನ ಗೂಡು ಬಗ್ಗಿಸಿ ವಿಡಿಯೊ ಮಾಡುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು.

ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಜನ ಅವುಗಳ ಪಾಡಿಗೆ ಅವನ್ನು ಬಿಟ್ಟಿದ್ದಾರೆ, ಹಾಗಾಗಿ ಅವು ಹೆದರುವುದಿಲ್ಲ. ಎಲ್ಲ ಊರಿನ ಹಕ್ಕಿಗೂ ಆ ಧೈರ್ಯ ಇರುವುದಿಲ್ಲ. ಅಲ್ಲಿ ದೂರವೇ ಮರ್ಯಾದೆ.

ದೂರದಿಂದ ತೆಗೆದ ಫೋಟೊಕ್ಕೆ ಇನ್ನೊಂದು ಉಪಯೋಗವೂ ಇದೆ. ದೇಶದ ಹಕ್ಕಿಗಳ ಸ್ಥಿತಿ ಹೇಳುವ 2023ರ ವರದಿ ನಿಂತದ್ದು ಸುಮಾರು 30 ಸಾವಿರ ಹಕ್ಕಿವೀಕ್ಷಕರು ದಾಖಲಿಸಿದ ಮಾಹಿತಿಯ ಮೇಲೆ. ಅದಕ್ಕೆ ಚರ್ಮ ಸುಲಿಯಬೇಕಾಗಲಿಲ್ಲ. ನಾಳೆ ನಿಮ್ಮೂರ ಕೆರೆ ಬರೀ ಪಾಳು ಜಾಗ, ಒಂದು ಹಕ್ಕಿಯೂ ಬರುವುದಿಲ್ಲ ಎಂದು ಯಾರಾದರೂ ಅರ್ಜಿ ಹಿಡಿದು ಬಂದರೆ, ತಾರೀಖು ಸಮೇತ ನಿಮ್ಮ ಫೋನಿನಲ್ಲಿರುವ ಚಿತ್ರ ಉತ್ತರ ಕೊಡಬಹುದು. ಏರಿಯ ಮೇಲೆ ನಿಂತೇ ತೆಗೆಯಿರಿ. ನೀರಿಗಿಳಿಯಬೇಡಿ.