22ನೇ ನಂಬರಿನ ಮನೆ

ಜೋಗೇಶ್ವರಿಯಲ್ಲಿ ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹತ್ತಿದರೆ ಮೊದಲು ಅಂಧೇರಿ, ಆಮೇಲೆ ವಿಲೇ ಪಾರ್ಲೆ. ಪಾರ್ಲೆಯಲ್ಲಿ ಇಳಿದು ಸಮುದ್ರದ ಕಡೆ ಹೋದರೆ ಜುಹುವಿನ ಗುಲ್‌ಮೊಹರ್ ರಸ್ತೆಗಳು ಸಿಗುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ವಿಭಾಗ ಬೇರೆಯಾಗಿ 1985ರಲ್ಲಿ ಹುಟ್ಟಿದ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ ಇದ್ದದ್ದು ಅಲ್ಲಿಯೇ. ಈಗ ಅದು ಸಿ-ಡ್ಯಾಕ್‌ನ ಭಾಗ. ಮರಾಠಿ ಕವಿ, ಕ್ಯಾಲಿಗ್ರಫಿ ಕಲಾವಿದ ಆರ್. ಕೆ. ಜೋಶಿ ಐಐಟಿಯ ಪಾಠದ ಕೆಲಸ ಮುಗಿಸಿದ ಮೇಲೆ ಈ ಸಂಸ್ಥೆಯ ಜೊತೆ ಸೇರಿ ಭಾರತೀಯ ಲಿಪಿಗಳ ಕೆಲಸ ಮಾಡಿದರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೇ ಬಂದ ಕನ್ನಡ ಫಾಂಟು ‘ತುಂಗಾ’ ಅವರ ನಿರ್ದೇಶನದಲ್ಲಿ ತಯಾರಾದದ್ದು. ಅದರ ಜೊತೆಗಾರ ತೆಲುಗು ಫಾಂಟಿನ ಹೆಸರು ‘ಗೌತಮಿ’, ಗುರುಮುಖಿಯದು ‘ರಾವಿ’. ಮೂರೂ ನದಿಗಳೇ.

ಅಲ್ಲಿಯವರೆಗೆ ಜೋಗೇಶ್ವರಿಯ ಒಂದು ಸೈಬರ್ ಕೆಫೆಯಲ್ಲಿ ಕೂತು ಊರಿನ ಸುದ್ದಿ ಓದಲು ಹೊರಟ ಕನ್ನಡಿಗರಿಗೆ ಕಾಣುತ್ತಿದ್ದದ್ದು ಒಂದೋ ಖಾಲಿ ಚೌಕಗಳ ಸಾಲು, ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂದಿನ ಎಷ್ಟೋ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತುಂಬಿಕೊಂಡಿದ್ದವು. ಕಂಪ್ಯೂಟರ್ ಕೇಳಿದರೆ ‘ನಾನು ಇಂಗ್ಲಿಷ್ ಫಾಂಟು’ ಎಂದೇ ಹೇಳುತ್ತಿದ್ದವು.

ಹೀಗೆ ಕೇಳುವುದು, ಹೇಳುವುದು ನಡೆಯುವುದು ಬಿಟ್‌ಗಳ ಮೂಲಕ. ಫಾಂಟಿನ ಫೈಲಿನೊಳಗೆ ಒಂದು ಕೋಷ್ಟಕವಿದೆ. ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ನೆನಪಿಗೆ ಅದರ ಹೆಸರು ಇಂದಿಗೂ ‘ಓಎಸ್/2’. ಅದರಲ್ಲಿ 32 ಬಿಟ್‌ಗಳ ನಾಲ್ಕು ಸಂಖ್ಯೆಗಳು, ಒಟ್ಟು 128 ಬಿಟ್‌ಗಳು. ಶಾಲೆಯ ಹಾಜರಿ ಪುಸ್ತಕದಂತೆ ಒಂದೊಂದು ಬಿಟ್ ಒಂದೊಂದು ಲಿಪಿಗೆ. 1 ಇದ್ದರೆ ಹಾಜರ್, 0 ಇದ್ದರೆ ಗೈರು. ದೇವನಾಗರಿಗೆ 15, ತಮಿಳಿಗೆ 20, ತೆಲುಗಿಗೆ 21, ಕನ್ನಡಕ್ಕೆ 22, ಮಲಯಾಳಕ್ಕೆ 23. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 22ನೇ ನಂಬರಿನ ಬಿಟ್ ನಿಜಕ್ಕೂ ಸಾಲಿನಲ್ಲಿ ಇಪ್ಪತ್ತಮೂರನೆಯದು. ಪ್ರೋಗ್ರಾಮರುಗಳು ಎಡವುವ ಜಾಗಗಳಲ್ಲಿ ಇದೂ ಒಂದು.

ಆ ಬಿಟ್ 1 ಆಗಿದ್ದರೆ ಏನು ಅರ್ಥ? ಫಾಂಟು ಆ ಲಿಪಿಗೆ ‘ಕೆಲಸಕ್ಕೆ ಬರುತ್ತದೆ’ ಎಂದು. ಎಷ್ಟು ಕೆಲಸಕ್ಕೆ ಬಂದರೆ ಬಂದಂತೆ ಎಂಬುದನ್ನು ನಿಯಮ ಫಾಂಟು ಮಾಡಿದವರ ವಿವೇಚನೆಗೇ ಬಿಟ್ಟಿದೆ. ಕನ್ನಡದ ಮಟ್ಟಿಗೆ ಇದು ಸಣ್ಣ ಮಾತಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ಆರು ಸಂಕೇತಗಳು ಬೇಕು: ಸಕಾರ, ಹಲಂತ, ತಕಾರ, ಮತ್ತೆ ಹಲಂತ, ರಕಾರ, ಕೊನೆಗೆ ಈ-ಸ್ವರದ ಚಿಹ್ನೆ. ಆರೂ ಫಾಂಟಿನಲ್ಲಿ ಹಾಜರಿರಬಹುದು. ಆದರೆ ಅವನ್ನು ಕೂಡಿಸಿ ಒತ್ತಕ್ಷರ ಕಟ್ಟುವ ನಿಯಮಗಳನ್ನು ಫಾಂಟಿನಲ್ಲಿ ಬರೆದಿರದಿದ್ದರೆ ಪರದೆಯ ಮೇಲೆ ಬಿಡಿಬಿಡಿ ಚೂರುಗಳೇ. ತುಂಗಾದಂಥ ಫಾಂಟಿನಲ್ಲಿ ನಿಜವಾದ ದುಡಿಮೆ ಇದ್ದದ್ದು ಈ ಕೂಡಿಕೆಯಲ್ಲಿ. ಒಂದು ಬಿಟ್‌ಗೆ ಅದನ್ನು ಹೇಳುವ ಶಕ್ತಿ ಇಲ್ಲ. ಹೌದು, ಇಲ್ಲ ಎನ್ನುವುದಷ್ಟೇ ಅದಕ್ಕೆ ಗೊತ್ತು.

ಒಂದು ಬಿಟ್ ಇಡೀ ಲಿಪಿಯ ಪರವಾಗಿ ಮಾತಾಡುವ ಬದಲು ಒಂದೊಂದು ಅಕ್ಷರಕ್ಕೂ ಒಂದೊಂದು ಬಿಟ್ ಇಟ್ಟರೆ? ಯೂನಿಕೋಡ್‌ನ ಒಟ್ಟು ಜಾಗ 11,14,112. ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಒಂದು ಫಾಂಟಿಗೆ 136 ಕಿಲೋಬೈಟ್. ನೂರು ಫಾಂಟುಗಳಿಗೆ 13 ಮೆಗಾಬೈಟ್ ದಾಟುತ್ತದೆ. ಎಕ್ಸ್‌ಪಿ ಓಡಲು ಕನಿಷ್ಠ 64 ಮೆಗಾಬೈಟ್ ಮೆಮೊರಿ ಸಾಕಿದ್ದ ಕಾಲದಲ್ಲಿ ಇದು ದುಂದು. ಲಿನಕ್ಸ್ ಕಂಪ್ಯೂಟರುಗಳಿಗಾಗಿ ಕೀತ್ ಪ್ಯಾಕರ್ಡ್ ಬರೆದ ‘ಫಾಂಟ್‌ಕಾನ್ಫಿಗ್’ ಬೇರೆ ದಾರಿ ಹಿಡಿಯಿತು. ಅದು ಯೂನಿಕೋಡನ್ನು 256 ಅಕ್ಷರಗಳ ಪುಟಗಳಾಗಿ ಹರಿದು, ಫಾಂಟಿನಲ್ಲಿ ನಿಜವಾಗಿ ಇರುವ ಪುಟಗಳನ್ನಷ್ಟೇ ಇಟ್ಟುಕೊಂಡಿತು. ಒಂದು ಪುಟಕ್ಕೆ 32 ಬೈಟ್.

ಕನ್ನಡದ ಸಂಖ್ಯೆಗಳು 3200ರಿಂದ 3327. ಅದಕ್ಕೆ ಮುಂಚಿನ 3072ರಿಂದ 3199 ತೆಲುಗಿನವು. 3072 ಎಂದರೆ 12 ಸಲ 256. ಹಾಗಾಗಿ 12ನೇ ಪುಟದ ಮೊದಲರ್ಧ ತೆಲುಗು, ಉಳಿದರ್ಧ ಕನ್ನಡ. ಕನ್ನಡದ ‘ಕ’ 3221, ಪುಟದೊಳಗೆ 149ನೇ ಸ್ಥಾನ. ಅದನ್ನು 32ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 21. ನಾಲ್ಕನೇ ನಂಬರಿನ ಸಂಖ್ಯೆಯ 21ನೇ ಬಿಟ್. ತೆಲುಗಿನ ‘ಕ’ 3093, ಅಂದರೆ ಸೊನ್ನೆಯನೇ ಸಂಖ್ಯೆಯ 21ನೇ ಬಿಟ್. ಶೇಷ ಎರಡಕ್ಕೂ 21 ಬಂದದ್ದು ಆಕಸ್ಮಿಕವಲ್ಲ. ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ವಿನ್ಯಾಸ ಕೊಟ್ಟ ‘ಇಸ್ಕಿ’ ಮಾನಕದ ಕ್ರಮವನ್ನು ಯೂನಿಕೋಡ್ ಉಳಿಸಿಕೊಂಡಿತು.

ಈ ಭಾಗಾಕಾರವನ್ನು ಪ್ರತಿ ಸಲ ಕೈಯಿಂದ ಬರೆಯುತ್ತ ಹೋದರೆ ಒಂದಲ್ಲ ಒಂದು ಕಡೆ 32ರ ಬದಲು 31 ಬಿದ್ದೇ ಬೀಳುತ್ತದೆ. ಲೆಕ್ಕವನ್ನು ಒಂದೇ ಕಡೆ ಬರೆದು, ಅದರ ಮೇಲೆ ಬಾಗಿಲು ಹಾಕಿ, ಹೊರಗಿನವರಿಗೆ ‘ಸೇರಿಸು’, ‘ತೆಗೆ’, ‘ಇದೆಯೇ?’, ‘ಎಷ್ಟಿವೆ?’ ಎಂಬ ಕೆಲವು ಮಾತುಗಳನ್ನಷ್ಟೇ ಕೊಟ್ಟರೆ ಅದೇ ಬಿಟ್ ಅರೇ ಕ್ಲಾಸ್. ಕ್ಲಾಸ್ ಎಂಬುದು 1960ರ ದಶಕದಲ್ಲಿ ಆಸ್ಲೋದಲ್ಲಿ ಡಾಲ್ ಮತ್ತು ನ್ಯುಗಾರ್ಡ್ ಕಟ್ಟಿದ ಸಿಮುಲಾ ಭಾಷೆಯಿಂದ ಬಂತು. ಬದಲಾಗಬಹುದಾದದ್ದನ್ನು ಮುಚ್ಚಿಡಬೇಕು ಎಂಬ ವಾದವನ್ನು ಡೇವಿಡ್ ಪಾರ್ನಾಸ್ 1972ರಲ್ಲಿ ಮಂಡಿಸಿದರು. ಜಾವಾ 1996ರ ಮೊದಲ ಆವೃತ್ತಿಯಲ್ಲೇ ‘ಬಿಟ್‌ಸೆಟ್’ ಕ್ಲಾಸ್ ಇಟ್ಟುಕೊಂಡಿತ್ತು. ಬೇಕಾದಂತೆ ತಾನೇ ಬೆಳೆಯುವುದು ಅದರ ಗುಣ. 1998ರ ಸಿ++ ಮಾನಕದ ‘ಬಿಟ್‌ಸೆಟ್’ ಬೆಳೆಯುವುದಿಲ್ಲ, ಅದರ ಅಳತೆಯನ್ನು ಮೊದಲೇ ಹೇಳಬೇಕು.

ಅದೇ ಮಾನಕ ಬೆಳೆಯುವ ಇನ್ನೊಂದನ್ನೂ ಕೊಟ್ಟಿತು: ಹೌದು-ಇಲ್ಲಗಳ ‘ವೆಕ್ಟರ್’. ಅದು ಒಳಗೊಳಗೇ ಬಿಟ್‌ಗಳನ್ನು ಒತ್ತೊತ್ತಾಗಿ ಜೋಡಿಸುತ್ತದೆ, ಹೊರಗೆ ಮಾಮೂಲಿ ವೆಕ್ಟರಿನಂತೆ ನಟಿಸುತ್ತದೆ. ನಟನೆ ಪೂರ್ತಿ ಕೈಗೂಡಲಿಲ್ಲ. ಮೆಮೊರಿಯಲ್ಲಿ ವಿಳಾಸ ಇರುವುದು ಬೈಟ್‌ಗೆ, ಬಿಟ್‌ಗೆ ಅಲ್ಲ. ಚಾಳಿನ ಖೋಲಿಗೆ ನಂಬರ್ ಇರುತ್ತದೆ, ಅದರೊಳಗೆ ಮಲಗುವ ಎಂಟು ಜನರಿಗೆ ಬೇರೆ ಬೇರೆ ನಂಬರ್ ಇರುವುದಿಲ್ಲವಲ್ಲ, ಹಾಗೆ. ‘ಇಂಥ ಬಿಟ್ ಎಲ್ಲಿದೆ ತೋರಿಸು’ ಎಂದರೆ ಆ ವೆಕ್ಟರ್ ಅದರ ಪರವಾಗಿ ಒಬ್ಬ ಬದಲಿ ಆಸಾಮಿಯನ್ನು ಮುಂದೆ ಬಿಡುತ್ತದೆ. ಸಿ++ ಪಂಡಿತರು ಅದನ್ನು ಇನ್ನೂ ಬಯ್ಯುತ್ತಲೇ ಇದ್ದಾರೆ. ಬಯ್ಗುಳ ನ್ಯಾಯವೇ: ಮುಚ್ಚುವುದಾದರೆ ಸರಿಯಾಗಿ ಮುಚ್ಚಬೇಕಿತ್ತು, ಇಲ್ಲವಾದರೆ ಬೇರೆ ಹೆಸರಿಡಬೇಕಿತ್ತು.

ಫಾಂಟ್‌ಕಾನ್ಫಿಗ್ ಬರೆದದ್ದು ಸಿ ಭಾಷೆಯಲ್ಲಿ, ಅದರಲ್ಲಿ ಕ್ಲಾಸ್ ಎಂಬ ಪದವೇ ಇಲ್ಲ. ಆದರೂ ಅದರ ಅಕ್ಷರಗಣ ಎಲ್ಲ ರೀತಿಯಲ್ಲೂ ಒಂದು ಆಬ್ಜೆಕ್ಟೇ. ಒಳಗೆ ಪುಟಗಳಿವೆ ಎಂಬುದು ಬಳಸುವವರಿಗೆ ಗೊತ್ತಿರಬೇಕಿಲ್ಲ. ‘ಇದೆಯೇ?’ ಎಂದು ಕೇಳಿದರೆ ಸಾಕು.

ಓಎಸ್/2 ಕೋಷ್ಟಕದ 128 ಬಿಟ್‌ಗಳಿಗೆ ಇಂಥ ಬಾಗಿಲು ಇರಲಿಲ್ಲ. ಅವು ಫೈಲಿನಲ್ಲಿ ಬೆತ್ತಲೆ ಕೂತಿದ್ದವು. ಲೋಕದ ಕೋಟಿಗಟ್ಟಲೆ ಫಾಂಟುಗಳ ಪ್ರತಿಗಳಲ್ಲಿ ನಾಲ್ಕು ಸಂಖ್ಯೆಗಳು ಎಂದರೆ ನಾಲ್ಕೇ, ಐದನೆಯದನ್ನು ತುರುಕಿದರೆ ಹಳೆಯ ಪ್ರೋಗ್ರಾಮುಗಳು ಕಕ್ಕಾಬಿಕ್ಕಿಯಾಗುತ್ತವೆ. ಹೊಸ ಲಿಪಿಗಳು ಬಂದಂತೆಲ್ಲ ಮನೆಗಳು ತುಂಬುತ್ತ ಹೋದವು. 2008ರ ಯೂನಿಕೋಡ್ 5.1ರ ಹೊತ್ತಿಗೆ ಹಂಚಿಕೆ ಮುಗಿಯಿತು. 122ನೇ ನಂಬರಿನ ಕೊನೆಯ ಮನೆ ಹೋದದ್ದು ಯಾವ ಭಾಷೆಗೂ ಅಲ್ಲ, ಮಾಹ್‌ಜಾಂಗ್ ಮತ್ತು ಡಾಮಿನೊ ಆಟದ ಬಿಲ್ಲೆಗಳಿಗೆ.

ಜೋಗೇಶ್ವರಿ, ಅಂಧೇರಿ, ಗೋರೆಗಾಂವ್‌ನ ತುಳುವರ ಮನೆಗಳಲ್ಲಿ ಇದರ ಪರಿಣಾಮ ಈಗ ಮುಟ್ಟುತ್ತಿದೆ. ಸಾಕಷ್ಟು ಕಾಲದ ಬೇಡಿಕೆಯ ನಂತರ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರೊಳಗೆ ಬಂತು. ಆ ಲಿಪಿಯ ಫಾಂಟು ಮಾಡುವವರು ಹಳೆಯ ಕೋಷ್ಟಕದಲ್ಲಿ ತಮ್ಮ ಲಿಪಿಯ ಹಾಜರಿ ಹಾಕಲು ಮನೆ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆಂದೇ ‘ಮೆಟಾ’ ಎಂಬ ಬೇರೆ ಕೋಷ್ಟಕ ಬಂದಿದೆ. ಅದರಲ್ಲಿ ಬಿಟ್‌ಗಳಿಲ್ಲ, ಲಿಪಿಯ ಹೆಸರಿನ ಸಂಕೇತವನ್ನೇ ಬರೆಯಬೇಕು.

ಫಾಂಟ್‌ಕಾನ್ಫಿಗ್‌ನ ಅಕ್ಷರಗಣದ ರಚನೆಯಲ್ಲಿ ಮಾತ್ರ ತುಳುವಿಗಾಗಿ ಏನನ್ನೂ ಬದಲಿಸಬೇಕಾಗಲಿಲ್ಲ. ತುಳು-ತಿಗಳಾರಿಯ ಸಂಖ್ಯೆಗಳು 70528ರಿಂದ ಶುರು, ಅಂದರೆ 275ನೇ ಪುಟದ 128ನೇ ಸ್ಥಾನದಿಂದ. ಕನ್ನಡದ ಹಾಗೆಯೇ ಪುಟದ ಉತ್ತರಾರ್ಧ. ಮೊದಲರ್ಧದಲ್ಲಿ ಕೂತಿರುವುದು ತಿಗಳಾರಿ ಯಾವ ಲಿಪಿಯಿಂದ ಬೆಳೆಯಿತೋ ಆ ಗ್ರಂಥ ಲಿಪಿ.