ಪಿಕಪ್ ವಾಹನದ ಶಾಕ್ ಅಬ್ಸಾರ್ಬರ್: ರಿಪೇರಿ ಮತ್ತು ನಿರ್ವಹಣೆ

ಶಾಕ್ ಅಬ್ಸಾರ್ಬರ್: ಗುಂಡಿ, ಹಂಪುಗಳನ್ನು ಚಕ್ರ ದಾಟುವಾಗ ಸ್ಪ್ರಿಂಗಿನಲ್ಲಿ ಏಳುವ ಕುಣಿತವನ್ನು ಅಡಗಿಸಿ, ಟೈರು ನೆಲ ಬಿಡದಂತೆ ನೋಡಿಕೊಳ್ಳುವ ಸಾಧನ. ಗ್ಯಾರೇಜುಗಳಲ್ಲಿ ಇದನ್ನು ಬರೀ ‘ಶಾಕ್’ ಎನ್ನುವುದುಂಟು. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ.

ಬಳಕೆಯ ಹಿನ್ನೆಲೆ: ಉದಾಹರಣೆಗೆ, ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊಳವನಹಳ್ಳಿ ಭಾಗದ ಹೂವು, ತರಕಾರಿ, ಅಡಿಕೆಗೂ ಮಧುಗಿರಿ, ಶಿರಾ, ಪಾವಗಡ ಕಡೆಯ ಕಡಲೆಕಾಯಿ, ಹುಣಸೆಹಣ್ಣಿಗೂ ಸಣ್ಣ ಸರಕು ವಾಹನಗಳೇ ಆಧಾರ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಮಾರುಕಟ್ಟೆಗೆ ಬಂದವು. ಮಹೀಂದ್ರ ಬೊಲೆರೊ ಪಿಕಪ್ ಕೂಡ ಇದೇ ವರ್ಗದ್ದು. ಇಂಥ ಗಾಡಿಗಳ ಹಿಂದಿನ ಆಕ್ಸಲ್ ಲೀಫ್ ಸ್ಪ್ರಿಂಗುಗಳಿಗೆ ಬಿಗಿದಿರುತ್ತದೆ. ಲೋಡಿಗೆ ತಕ್ಕಂತೆ ಗಡುಸಾಗಿ ಮಾಡಿದ ಈ ಸ್ಪ್ರಿಂಗುಗಳು ಗಾಡಿ ಖಾಲಿಯಿದ್ದಾಗ ಸುಲಭವಾಗಿ ಬಾಗವು. ಹೀಗಾಗಿ ಮಾಲು ಇಳಿಸಿ ಮಣ್ಣುದಾರಿಯಲ್ಲಿ ಮರಳುವಾಗ ಹಿಂಬದಿ ಎಗರುತ್ತದೆ. ಸೋತ ಶಾಕ್ ಆಗಲೇ ಬೇಗ ಗೊತ್ತಾಗುವುದು.

ಕಾರ್ಯವಿಧಾನ: ಎಣ್ಣೆ ತುಂಬಿದ ಕೊಳವೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಸರಿಯುತ್ತದೆ. ಅದರ ವಾಲ್ವಿನ ಕಿರುರಂಧ್ರಗಳಲ್ಲಿ ಎಣ್ಣೆ ಇರುಕಿಕೊಂಡು ಹರಿಯಬೇಕಾದ್ದರಿಂದ ತಡೆ ಹುಟ್ಟಿ, ಕುಣಿತದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಒರಟು ದಾರಿಯಲ್ಲಿ ಓಡಿ ಬಂದ ಗಾಡಿಯ ಶಾಕ್ ಮುಟ್ಟಿದರೆ ಬಿಸಿಯಾಗಿರುವುದು ಇದರಿಂದಲೇ.

ದೋಷದ ಗುರುತುಗಳು: ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಒಂದೆರಡು ಸಲಕ್ಕಿಂತ ಹೆಚ್ಚು ಕುಣಿದರೆ ಶಾಕ್ ಸೋತಿರಬಹುದು. ಗಡುಸು ಲೀಫ್ ಸ್ಪ್ರಿಂಗಿನ ಹಿಂಬದಿಯಲ್ಲಿ ಈ ಪರೀಕ್ಷೆಯನ್ನಷ್ಟೇ ನಂಬುವಂತಿಲ್ಲ. ಕೊಳವೆಯ ಮೇಲೆ ಎಣ್ಣೆ ಇಳಿದ ಗೆರೆ, ಅದಕ್ಕೆ ಮೆತ್ತಿದ ಧೂಳು, ಟೈರಿನಲ್ಲಿ ಅಲ್ಲಲ್ಲಿ ತಗ್ಗುಬಿದ್ದ ಸವೆತ, ಬ್ರೇಕ್ ಹಾಕಿದಾಗ ಮೂತಿ ತೀರಾ ತಗ್ಗುವುದು ಇತರ ಲಕ್ಷಣಗಳು. ‘ಟಕ ಟಕ’ ಸದ್ದಿಗೆ ಶಾಕ್‌ನ ತುದಿಯಲ್ಲಿ ಸವೆದ ರಬ್ಬರ್ ಬುಷ್ ಕಾರಣವಾಗಿರಬಹುದು. ಹಲವು ಮಾದರಿಗಳಲ್ಲಿ ಬುಷ್ ಮಾತ್ರ ಬದಲಾಯಿಸಿದರೆ ಸಾಕು.

ರಿಪೇರಿ: ಈಗಿನ ಶಾಕ್‌ಗಳಲ್ಲಿ ಹೆಚ್ಚಿನವು ಬೆಸುಗೆ ಹಾಕಿ ಮುಚ್ಚಿದವು, ಆಯಿಲ್ ಸೀಲ್ ಹೋದರೆ ಹೊಸದನ್ನೇ ಹಾಕಬೇಕು. ಗ್ಯಾಸ್ ತುಂಬಿದವುಗಳಲ್ಲಿ ಒತ್ತಡ ಇರುವುದರಿಂದ ಅವನ್ನು ಕೊಯ್ಯುವುದು, ಕಾಯಿಸುವುದು ಅಪಾಯಕರ. ಒಂದೇ ಆಕ್ಸಲಿನ ಎರಡೂ ಬದಿಯವನ್ನು ಒಟ್ಟಿಗೆ ಬದಲಾಯಿಸುತ್ತಾರೆ. ಜ್ಯಾಕ್ ಒಂದನ್ನೇ ನಂಬದೆ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಟ್ಟು ಕೆಲಸ ಮಾಡಬೇಕು. ಎಣ್ಣೆಯ ಹೊಸ ಶಾಕ್ ಅನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿದರೆ ಪಿಸ್ಟನ್ ಇರುವ ಕೊಳವೆಯಲ್ಲಿ ಸಿಕ್ಕ ಗಾಳಿ ಅಲ್ಲಿಂದ ಸರಿದುಹೋಗುತ್ತದೆ. ಬುಷ್‌ನ ಬೋಲ್ಟುಗಳನ್ನು ಗಾಡಿಯ ತೂಕ ಚಕ್ರದ ಮೇಲೆ ಕೂತ ನಂತರವೇ ಪೂರ್ತಿ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ನಿರ್ವಹಣೆ: ಸರ್ವಿಸ್ ಮಾಡಿಸುವಾಗ ಸೋರಿಕೆ, ಬುಷ್, ಬೋಲ್ಟುಗಳನ್ನು ನೋಡಬೇಕು. ಪಿಸ್ಟನ್ ಕಂಬಿಗೆ ಅಂಟಿದ ಕೆಸರನ್ನು ತೊಳೆದರೆ ಸೀಲ್ ಹೆಚ್ಚು ಕಾಲ ಬಾಳುತ್ತದೆ. ಹೆಚ್ಚು ಹೇರಲೆಂದು ಲೀಫ್ ಪಟ್ಟಿ ಸೇರಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆಯೇ ಹೊರತು ಶಾಕ್, ಬ್ರೇಕ್, ಆಕ್ಸಲ್‌ಗಳ ಶಕ್ತಿ ಹೆಚ್ಚದು. ಮಿತಿ ಮೀರಿದ ಲೋಡಿಗೆ ಮೋಟಾರು ವಾಹನ ಕಾಯ್ದೆ 1988ರ 194ನೇ ಸೆಕ್ಷನ್, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ.